ತೆಗೆಸಲು ನಾಚಿಕೆ ಇಲ್ಲ, ತೋರಿಸಲು ನಾಚಿಕೆ!

ನಮ್ಮ ಹೊಳಲ್ಕೆರೆ ಕಡೆ ಅಡಿಕೆ ಸುಲಿಯಲು ಕೂತ ಹೆಂಗಸರ ಗುಂಪಿನಲ್ಲಿ ಗರ್ಭಕೋಶ ತೆಗೆಸಿದವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಬಿಳಿ ಹೋಗುತ್ತೆ, ಸೊಂಟ ನೋವು ಅಂದರೆ ಕುರಿ ಮಾರಿಯಾದರೂ ಆಪರೇಷನ್‌ಗೆ ತಯಾರು. ಅದೇ ಹೆಂಗಸರು, ಆಶಾ ಕಾರ್ಯಕರ್ತೆ ಬಂದು ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಗೆ ಪುಕ್ಕಟೆ ಕರೆದರೆ ಸೆರಗು ಕೊಡವಿ ಎದ್ದುಬಿಡುತ್ತಾರೆ. ದೇಶದ ಲೆಕ್ಕವೂ ಇದೇ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನವರ ಪೈಕಿ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ.

ನಾನು ಹೋದೆ. "ರೋಗ ಇಲ್ದೋಳು ಯಾಕವ್ವ ಹೋಗಿ ತೋರಿಸ್ಕಬೇಕು?" ಅಂತ ಅತ್ತೆ ಬಾಗಿಲವರೆಗೂ ಗೊಣಗಿದರು.

ಕಾಲು ಮಡಚಿ ಮಲಗಬೇಕು. ತಣ್ಣನೆಯ ಸಾಧನವೊಂದನ್ನು ಒಳಗಿಟ್ಟು, ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿ ಒತ್ತುತ್ತಾರೆ. ಕೊಂಚ ಚುರುಗುಟ್ಟುತ್ತದೆ, ಅಷ್ಟೆ. ಒಂದು ನಿಮಿಷ ಬಿಟ್ಟು, ಎಲ್ಲಾದರೂ ಬೆಳ್ಳಗಾಗಿದೆಯೇ ಅಂತ ದೀಪ ಹಿಡಿದು ನೋಡುತ್ತಾರೆ. ಆ ಒಂದು ನಿಮಿಷ ಇದೆಯಲ್ಲ! ಪಕ್ಕದ ಪರದೆಯ ಕೊಂಡಿ ಅರ್ಧ ಕಳಚಿತ್ತು. ಫ್ಯಾನ್ ಗಾಳಿಗೆ ಅದು ಹಾರಿದಾಗೆಲ್ಲ ಹೊರಗೆ ಬೆಂಚಿನ ಮೇಲೆ ಕೂತವರ ಚಪ್ಪಲಿ ಕಾಣುತ್ತಿದ್ದವು. ಅದರಲ್ಲಿ ನಮ್ಮೂರಿನವರದು ಯಾವುದು ಅಂತ ಹುಡುಕುತ್ತಾ ಮಲಗಿದ್ದೆ. ಆಗ ಸಿಸ್ಟರ್ ನನಗೆ ಒಂದು ಮಾತೂ ಹೇಳದೆ, ಹೊರಗೆ ರಿಜಿಸ್ಟರ್ ಹಿಡಿದಿದ್ದವಳಿಗೆ ಕೂಗಿದರು: "ಇವರದ್ದು ಪಾಸಿಟಿವ್, ಬರ್ಕೋ!"

ಸೀರೆ ಸರಿಮಾಡಿಕೊಂಡು ಬಂದರೆ ಬೆಂಚಿನ ಮೇಲಿದ್ದ ಒಬ್ಬರೂ ನನ್ನ ಮುಖ ನೋಡಲಿಲ್ಲ. ನನಗಿಂತ ಮೊದಲೇ ಸುದ್ದಿ ಮನೆ ಸೇರಿತ್ತು. ಹಿರಿಯೂರಿನಿಂದ ನಾದಿನಿ ಫೋನು: "ಅತ್ತಿಗೆ, ಸುಮ್ನೆ ತೆಗೆಸಿಬಿಡಿ, ನಾನು ತೆಗೆಸಿಲ್ವಾ?" ಖಾಸಗಿ ಡಾಕ್ಟರೊಬ್ಬರು ಚೀಟಿಯನ್ನೂ ಪೂರ್ತಿ ಓದದೆ ಆಪರೇಷನ್ ದಿನ ಹೇಳಿದರು. ನಮ್ಮ ಯಜಮಾನರು ಸಾಲಕ್ಕೆ ಹೊರಟರು. ಚೂರು ತೆಗೆದು ಪರೀಕ್ಷೆ ಮಾಡದ ಹೊರತು ಟೇಬಲ್ ಹತ್ತಲ್ಲ ಅಂತ ಹಟ ಹಿಡಿದೆ. ಆ ಹಟದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ದಾವಣಗೆರೆಯಲ್ಲಿ ಬಯಾಪ್ಸಿ ಮಾಡಿದರು. ಕ್ಯಾನ್ಸರ್ ಅಲ್ಲ, ಎಚ್‌ಪಿವಿ ವೈರಸ್ಸಿನಿಂದಾದ ಬದಲಾವಣೆ. ಹಾಗೇ ಬಿಟ್ಟಿದ್ದರೆ ವರ್ಷಗಳ ಮೇಲೆ ಕ್ಯಾನ್ಸರಿಗೆ ತಿರುಗಬಹುದಿತ್ತು. ಆ ಜಾಗವನ್ನಷ್ಟೇ ಹೆಪ್ಪುಗಟ್ಟಿಸಿ ನಾಶಮಾಡಿದರು. ಸಂಜೆ ಬಸ್ಸಿಗೆ ಊರಿಗೆ ಬಂದೆ, ಗರ್ಭಕೋಶದ ಸಮೇತ.

ಹೋಗುವವರಿಗೆ ನಾಲ್ಕು ಮಾತು. 30 ದಾಟಿದವರು 65ರವರೆಗೆ ಐದು ವರ್ಷಕ್ಕೊಮ್ಮೆ ತೋರಿಸಿ. ಮುಟ್ಟಿನ ದಿನ ಬೇಡ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದಾಗ ರಕ್ತ ಹೋದರೆ, ಸರದಿ ಕಾಯದೆ ಡಾಕ್ಟರ ಹತ್ತಿರ ಹೋಗಿ. ಪಾಸಿಟಿವ್ ಬಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ, ಇನ್ನೊಂದು ಪರೀಕ್ಷೆ ಬೇಕು ಅಂತ ಅಷ್ಟೆ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ಪರದೆ ಹಿಡಿಯೋಕಾದರೂ ಆಗುತ್ತಾರೆ.

ಸಿಸ್ಟರ್‌ಗಳಿಗೂ ಒಂದು ಮಾತು. ಹೆಸರು ಕೂಗಲು ಅದೇನು ಬಸ್ ಸ್ಟ್ಯಾಂಡಲ್ಲ. ನಮ್ಮ ಓಣಿಯ ಹೆಂಗಸರು ಇವತ್ತಿಗೂ ಹಿಂಜರಿಯುವುದು ಆಮ್ಲಕ್ಕೆ ಹೆದರಿ ಅಲ್ಲ, ನಿಮ್ಮ ಬಾಯಿಗೆ ಹೆದರಿ.