ಹಕ್ಕುಪತ್ರದಲ್ಲಿ ಮೂಲಪುರುಷನ ಜಾಡು

ಮಕ್ಕಳು ಅಮೆರಿಕದಲ್ಲಿ ನೆಲೆಸಿ ಅಲ್ಲಿನವರನ್ನೇ ಮದುವೆಯಾದ ಮನೆಗಳಿಂದ ಈಚೆಗೆ ಹೊಸ ಬಗೆಯ ಪತ್ರಗಳು ಬರುತ್ತಿವೆ. ಬೀಗರ ಮನೆತನ ಆ ನೆಲಕ್ಕೆ ಬಂದದ್ದು ಯಾವಾಗ, ಹೇಗೆ ಎಂದು ಹಳೆಯ ಜಮೀನಿನ ಕಾಗದಗಳಲ್ಲಿ ಹುಡುಕುತ್ತಿರುವವರ ಪತ್ರಗಳು ಅವು. ಈ ಸಲ ಅವಕ್ಕೇ ಉತ್ತರ.

ಪ್ರಶ್ನೆ: ನಮ್ಮ ಸೊಸೆ ವರ್ಜೀನಿಯಾದ ಹಳೆಯ ಮನೆತನದವಳು. ಅವರ ಮೂಲಪುರುಷನ ಹೆಸರು 1654ರ ಜಮೀನಿನ ಹಕ್ಕುಪತ್ರವೊಂದರಲ್ಲಿದೆ. ಆತ ಆ ವರ್ಷ ಹಡಗಿನಿಂದಿಳಿದು 50 ಎಕರೆ ಪಡೆದ ಎಂದು ಬೀಗರು ಹೇಳುತ್ತಾರೆ. ಮೊಮ್ಮಗಳು ಶಾಲೆಗೆ ವಂಶವೃಕ್ಷ ಬರೆಯುತ್ತಿದ್ದಾಳೆ. ಹಾಗೇ ಬರೆಸಬಹುದೆ?
– ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಸದ್ಯಕ್ಕೆ ಬೇಡಮ್ಮ. ಇಸವಿ, ಎಕರೆ ಎರಡೂ ತಪ್ಪಾಗಿರುವ ಸಂಭವವಿದೆ.

ವರ್ಜೀನಿಯಾ ಕಂಪನಿ 1618ರಲ್ಲಿ ಒಂದು ನಿಯಮ ಮಾಡಿತು. ಹಡಗಿನ ಖರ್ಚು ಕೊಟ್ಟು ಒಬ್ಬ ಮನುಷ್ಯನನ್ನು ವಸಾಹತಿಗೆ ಕರೆತಂದವರಿಗೆ ತಲೆಗೆ 50 ಎಕರೆ. ಇದಕ್ಕೆ ಹೆಡ್‌ರೈಟ್ ಎಂದು ಹೆಸರು. ತನ್ನ ಖರ್ಚು ತಾನೇ ಹಾಕಿಕೊಂಡು ಬಂದವನ 50 ಎಕರೆ ಅವನಿಗೇ ಸೇರುತ್ತಿತ್ತು. ಕೈಯಲ್ಲಿ ಕಾಸಿಲ್ಲದೆ, ಇಷ್ಟು ವರ್ಷ ದುಡಿಯುತ್ತೇನೆಂದು ಕರಾರು ಬರೆದುಕೊಟ್ಟು ಬಂದವನ 50 ಎಕರೆ ಖರ್ಚು ಕೊಟ್ಟ ಯಜಮಾನನ ಪಾಲು. ಹಕ್ಕುಪತ್ರದ ಮೇಲ್ಭಾಗದಲ್ಲಿ ಜಮೀನು ಪಡೆದವನ ಹೆಸರಿರುತ್ತದೆ. ಯಾರ ತಲೆಗಳ ಲೆಕ್ಕದಲ್ಲಿ ಪಡೆದನೋ ಅವರ ಪಟ್ಟಿ ಕೊನೆಯಲ್ಲಿ ಬರುತ್ತದೆ. ನಿಮ್ಮ ಬೀಗರ ಹಿರಿಯನ ಹೆಸರು ಮೇಲಿದೆಯೋ ಕೆಳಗಿನ ಪಟ್ಟಿಯಲ್ಲಿದೆಯೋ, ಅದನ್ನು ಮೊದಲು ನೋಡಿ. ಕೆಳಗಿದ್ದರೆ ಆತನಿಗೆ ಆ ಕಾಗದದಿಂದ ಒಂದು ಗುಂಟೆಯೂ ಸಿಕ್ಕಿಲ್ಲ.

ಇನ್ನು ಇಸವಿ. ಕರೆತಂದವನು ಕೌಂಟಿ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಒಂದು ಪ್ರಮಾಣಪತ್ರ ಪಡೆಯಬೇಕಿತ್ತು. ಆಮೇಲೆ ಜಾಗ ಗುರುತಿಸಿ, ಅಳತೆ ಮಾಡಿಸಿ, ಕೊನೆಗೆ ಹಕ್ಕುಪತ್ರ. ಇದಕ್ಕೆ ವರ್ಷಗಳೇ ಹಿಡಿಯುತ್ತಿದ್ದವು. ಅದಕ್ಕಿಂತ ದೊಡ್ಡ ತೊಡಕೆಂದರೆ ಆ ಪ್ರಮಾಣಪತ್ರವನ್ನು ಮಾರಬಹುದಿತ್ತು. ಒಬ್ಬ ಬಡವ ಬಂದಿಳಿದು ಹತ್ತು ವರ್ಷವಾದ ಮೇಲೆ, ಅವನ ಮುಖವನ್ನೇ ನೋಡದ ವ್ಯಾಪಾರಿ ಅವನ ತಲೆಯ ಲೆಕ್ಕದಲ್ಲಿ ಜಮೀನು ಪಡೆಯುವುದು ಸಾಧ್ಯವಿತ್ತು. ಒಂದೇ ತಲೆಗೆ ಹಡಗಿನ ಕಪ್ತಾನನೊಮ್ಮೆ, ಯಜಮಾನನೊಮ್ಮೆ ಜಮೀನು ಕೇಳಿದ್ದೂ ಉಂಟು; ಕಪ್ತಾನರು ತಮ್ಮ ನಾವಿಕರನ್ನೇ ವಲಸಿಗರೆಂದು ತೋರಿಸಿದ್ದೂ ಉಂಟು. ಆದ್ದರಿಂದ 1654 ಆ ಜಮೀನು ಮಂಜೂರಾದ ವರ್ಷ, ಅಷ್ಟೇ. ಮನುಷ್ಯ ಅದಕ್ಕೂ ಮೊದಲೇ ಬಂದಿರಬೇಕು.

ಎಷ್ಟು ಮೊದಲು ಎಂದು ತಿಳಿಯಲು ಕೌಂಟಿ ನ್ಯಾಯಾಲಯದ ಆದೇಶ ಪುಸ್ತಕ ನೋಡಿಸಿ. ಅಲ್ಲಿನ ಪ್ರಮಾಣಪತ್ರದ ತಾರೀಖು ಬಂದಿಳಿದ ದಿನಕ್ಕೆ ಹೆಚ್ಚು ಹತ್ತಿರ. ಹೆಸರು ಹುಡುಕಲು ನೆಲ್ ಮರಿಯನ್ ನ್ಯೂಜೆಂಟ್ ಅವರ ‘ಕ್ಯಾವಲಿಯರ್ಸ್ ಅಂಡ್ ಪಯನೀರ್ಸ್’ ಅನುಕೂಲ. 1934ರಲ್ಲಿ ಬಂದ ಮೊದಲ ಸಂಪುಟದಲ್ಲಿ 1623ರಿಂದ 1666ರವರೆಗಿನ ಹಕ್ಕುಪತ್ರಗಳ ಸಾರಾಂಶವಿದೆ. ಆದರೆ ಸಾರಾಂಶಕ್ಕೆ ನಿಲ್ಲಬೇಡಿ. ಮೂಲ ಪುಸ್ತಕಗಳ ಪುಟಗಳನ್ನೇ ಲೈಬ್ರರಿ ಆಫ್ ವರ್ಜೀನಿಯಾ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ, ಮೈಸೂರಿನಲ್ಲಿ ಕೂತೇ ತೆರೆದು ನೋಡಬಹುದು. ಮೊಮ್ಮಗಳ ಜೊತೆ ಕೂತು ನೋಡಿ. ಆ ಕೈಬರಹವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಓದುವುದು ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ.

ಕೂಲಿಗೆ ಬಂದವನಿಗೇ 50 ಎಕರೆ ಎಂಬ ಮಾತು ಪಕ್ಕದ ಮೇರಿಲ್ಯಾಂಡಿನಿಂದ ಬಂದಿರಬಹುದು. ಅಲ್ಲಿ ಕರಾರು ಮುಗಿಸಿದ ಆಳಿಗೆ 50 ಎಕರೆಯ ಹಕ್ಕು ನಿಜವಾಗಿಯೂ ಇತ್ತು. 1683ರಲ್ಲಿ ಅಲ್ಲಿ ಹೆಡ್‌ರೈಟ್ ಪದ್ಧತಿಯೇ ನಿಂತಿತು.

ಪ್ರಶ್ನೆ: ವರ್ಜೀನಿಯಾದ ಹಳೆಯ ಹಕ್ಕುಪತ್ರಗಳಲ್ಲಿ ಭಾರತದವನೊಬ್ಬನ ಹೆಸರಿದೆಯಂತೆ, ನಿಜವೆ? ಆತ ನಮ್ಮ ಕರಾವಳಿಯವನಿರಬಹುದೆ?
– ಕಾಲೇಜು ವಿದ್ಯಾರ್ಥಿ, ಕುಮಟಾ

ಉತ್ತರ: ಹೆಸರಿರುವುದು ನಿಜ. ಜಾರ್ಜ್ ಮೆನಿಫಿ ಎಂಬ ಜಮೀನ್ದಾರ 1635ರಲ್ಲಿ ಪಡೆದ ಹಕ್ಕುಪತ್ರದ ಹೆಡ್‌ರೈಟ್ ಪಟ್ಟಿಯಲ್ಲಿ ಟೋನಿ ಎಂಬವನಿದ್ದಾನೆ, ಹೆಸರಿನ ಜೊತೆಗೆ ‘ಈಸ್ಟ್ ಇಂಡಿಯನ್’ ಎಂದು ಬರೆದಿದೆ. ಅವನಿಂದ ಮೆನಿಫಿಗೆ 50 ಎಕರೆ ಸಿಕ್ಕಿತು. ಊರಿನ ಹೆಸರಿಲ್ಲ, ತಂದೆಯ ಹೆಸರಿಲ್ಲ. ಟೋನಿ ಎನ್ನುವುದೂ ಅವನ ತಾಯಿ ಇಟ್ಟ ಹೆಸರಾಗಿರಲಿಕ್ಕಿಲ್ಲ. ಆ ಸಾಲು ಓದಿದಾಗಲೆಲ್ಲ ಮನಸ್ಸು ಕಲಕುತ್ತದೆ.

ಆದರೂ ನಮ್ಮವನೆಂದು ಕರೆದುಕೊಳ್ಳಲು ಆತುರ ಬೇಡ. ಆ ಕಾಲದ ಇಂಗ್ಲಿಷರಿಗೆ ಈಸ್ಟ್ ಇಂಡೀಸ್ ಎಂದರೆ ಭಾರತದಿಂದ ಜಾವಾ, ಸುಮಾತ್ರಾಗಳವರೆಗಿನ ಇಡೀ ಪ್ರದೇಶ. ಇಂಗ್ಲಿಷರ ಕೋಠಿಗಳು ಆಗ ಮಚಲೀಪಟ್ಟಣ, ಸೂರತ್ತುಗಳಲ್ಲಿದ್ದವು. ಕಾರವಾರದಲ್ಲಿ ಅವರು ಕೋಠಿ ತೆರೆದದ್ದು 1638ರಲ್ಲಿ, ಅಂದರೆ ಟೋನಿಯ ಹೆಸರು ಕಾಗದಕ್ಕೆ ಬಂದು ಮೂರು ವರ್ಷವಾದ ಮೇಲೆ.

ಆಫ್ರಿಕಾದಿಂದ ತಂದವರ ಹೆಸರುಗಳೂ ಇಂಥ ಪಟ್ಟಿಗಳಲ್ಲಿವೆ, ಹೆಚ್ಚಿನವು ಹೀಗೆಯೇ ಅರ್ಧಂಬರ್ಧ. ಅವರಲ್ಲೊಬ್ಬ ಪಟ್ಟಿಯಿಂದ ಮೇಲಕ್ಕೇರಿದ. 1621ರಲ್ಲಿ ‘ಆಂಟೋನಿಯೊ, ನೀಗ್ರೊ’ ಎಂದಷ್ಟೇ ದಾಖಲಾಗಿ ಬಂದವನು ಮುಂದೆ ಆಂಟನಿ ಜಾನ್ಸನ್ ಆಗಿ ಬಿಡುಗಡೆ ಪಡೆದು, 1651ರಲ್ಲಿ ಐದು ತಲೆಗಳ ಲೆಕ್ಕದಲ್ಲಿ ತನ್ನ ಹೆಸರಿಗೇ 250 ಎಕರೆ ಮಂಜೂರು ಮಾಡಿಸಿಕೊಂಡ. ಇತಿಹಾಸದ ವಿದ್ಯಾರ್ಥಿಯಾಗಿದ್ದರೆ ನೀವು ಅವನ ಕಾಗದಗಳನ್ನು ಓದಲೇಬೇಕು. ಜಮೀನು ಕೈಗೆ ಬಂದ ಕ್ಷಣದಿಂದ ಒಬ್ಬ ಮನುಷ್ಯ ದಾಖಲೆಯಲ್ಲಿ ಎಷ್ಟು ಸ್ಪಷ್ಟವಾಗಿ ಕಾಣತೊಡಗುತ್ತಾನೆ ಎಂಬುದು ಅಲ್ಲಿ ತಿಳಿಯುತ್ತದೆ.

ಪ್ರಶ್ನೆ: ಪೊಟೊಮ್ಯಾಕ್ ನದಿಯ ದಡದಲ್ಲಿ ನನ್ನ ಪತಿಯ ಪೂರ್ವಜರ ತೋಟವಿತ್ತು. 1720ರ ಸುಮಾರಿನ ವರ್ಜೀನಿಯಾ ಹಕ್ಕುಪತ್ರಗಳಲ್ಲಿ ಎಲ್ಲೂ ಸಿಗುತ್ತಿಲ್ಲ.
– ಓದುಗರು, ವರ್ಜೀನಿಯಾ

ಉತ್ತರ: ನೀವು ನೋಡುತ್ತಿರುವ ಪುಸ್ತಕ ಬೇರೆ. ರಪಹ್ಯಾನಕ್ ಮತ್ತು ಪೊಟೊಮ್ಯಾಕ್ ನದಿಗಳ ನಡುವಿನ ನಾರ್ದರ್ನ್ ನೆಕ್ ಪ್ರದೇಶ ದೊರೆಯಿಂದ ಜಹಗೀರಾಗಿ ಹೋಗಿ, ಕೊನೆಗೆ ಫೇರ್‌ಫ್ಯಾಕ್ಸ್ ಪ್ರಭುಗಳ ಕೈಲಿತ್ತು. ಜಮೀನು ಮಂಜೂರು ಮಾಡುತ್ತಿದ್ದದ್ದು ಅವರ ಕಚೇರಿ. ಆ ಪುಸ್ತಕಗಳೂ ಲೈಬ್ರರಿ ಆಫ್ ವರ್ಜೀನಿಯಾದಲ್ಲೇ ಇವೆ, ನಾರ್ದರ್ನ್ ನೆಕ್ ಎಂದು ಹುಡುಕಿ.

ಪ್ರಶ್ನೆ: ನಾನು ಸರ್ವೆ ಇಲಾಖೆಯಲ್ಲಿದ್ದವನು. ಅಳಿಯನ ಮನೆತನದ 1690ರ ಕಾಗದ ಓದಿದೆ. ‘ಬಿಳಿ ಓಕ್ ಮರದಿಂದ ಉತ್ತರಕ್ಕೆ 40 ಡಿಗ್ರಿ ಪೂರ್ವವಾಗಿ 120 ಪೋಲ್’ ಎಂಬಂಥ ಮಾತುಗಳು. ಆ ಮರ ಈಗಿರುವುದುಂಟೆ? ಇದರಿಂದ ಏನು ಉಪಯೋಗ?
– ನಿವೃತ್ತ ಭೂಮಾಪಕರು, ಧಾರವಾಡ

ಉತ್ತರ: ಮರ ಇಲ್ಲದಿದ್ದರೂ ಉಪಯೋಗ ಬಹಳ ಇದೆ, ಅದನ್ನು ಮಾಡಲು ನಿಮಗಿಂತ ತಕ್ಕವರು ಆ ಮನೆತನಕ್ಕೆ ಸಿಗಲಾರರು. ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ. ಎರಡು ಪೋಲ್ ಸೇರಿದರೆ 33 ಅಡಿ, ಅಂದರೆ ನೀವು ಹೊಲದ ಮೇಲೆ ಎಳೆದ 16 ಆಣೆಯ ಸರಪಳಿ. ಎಡ್ಮಂಡ್ ಗುಂಟರ್ 1620ರಲ್ಲಿ ರೂಪಿಸಿದ 66 ಅಡಿ ಸರಪಳಿಯ ಅರ್ಧ ಅದು. ಇಂಗ್ಲಿಷರು ಆ ಲೆಕ್ಕವನ್ನು ಅಮೆರಿಕಕ್ಕೂ ಒಯ್ದರು, ನಮ್ಮಲ್ಲಿಗೂ ತಂದರು. ನಾಲ್ಕು ಚದರ ಪೋಲ್ ನಿಮ್ಮ ಒಂದು ಗುಂಟೆ. 160 ಚದರ ಪೋಲ್ ಒಂದು ಎಕರೆ.

ಆ ಕಾಗದದ ದಿಕ್ಕು, ದೂರಗಳನ್ನು ಗ್ರಾಫ್ ಹಾಳೆಯ ಮೇಲೆ ಎಳೆಯಿರಿ. ರೇಖೆ ಹೊರಟ ಜಾಗಕ್ಕೇ ಬಂದು ಮುಚ್ಚದಿದ್ದರೆ ನಕಲುಗಾರ ಒಂದು ಸಾಲು ಬಿಟ್ಟಿದ್ದಾನೆಂದು ಅನುಮಾನಿಸಿ. ಆಮೇಲೆ ಚಕ್ಕುಬಂದಿ ನೋಡಿ. ‘ಇಂಥವನ ಗಡಿಯ ಉದ್ದಕ್ಕೆ’ ಎಂದು ಹೆಸರಿರುವ ಪ್ರತಿಯೊಬ್ಬ ನೆರೆಯವನ ಹಕ್ಕುಪತ್ರವನ್ನೂ ತರಿಸಿ, ಅದೇ ಅಳತೆಯಲ್ಲಿ ಎಳೆದು, ಪಕ್ಕಪಕ್ಕ ಜೋಡಿಸಿ. ಹೊಳೆ, ಹಳ್ಳಗಳ ತಿರುವು ಈಗಿನ ನಕ್ಷೆಗೆ ಕೂಡಿದಾಗ ಜಾಗ ಗೊತ್ತಾಗುತ್ತದೆ. ದಿಕ್ಸೂಚಿಯ ಉತ್ತರ ಕಾಲಕಾಲಕ್ಕೆ ಸರಿಯುವುದರಿಂದ ಇಡೀ ಚಿತ್ರವನ್ನು ಕೊಂಚ ತಿರುಗಿಸಬೇಕಾದೀತು, ಅದನ್ನು ನಿಮಗೆ ಹೇಳಿಕೊಡಬೇಕಿಲ್ಲ.

ಜಾಗಕ್ಕಿಂತ ದೊಡ್ಡ ಲಾಭ ನೆರೆಯವರು. ವಲಸಿಗರು ಒಂಟಿಯಾಗಿ ನೆಲೆಸುತ್ತಿದ್ದದ್ದು ಅಪರೂಪ. ಹೆಂಡತಿಯ ತವರಿನವರು, ಒಂದೇ ಹಡಗಿನಲ್ಲಿ ಬಂದವರು, ಹಿಂದಿನ ಯಜಮಾನ, ಎಲ್ಲ ಆ ಹಳ್ಳದ ಆಚೀಚೆಯೇ ಇರುತ್ತಾರೆ. ನಿಮ್ಮ ಅಳಿಯನ ಹಿರಿಯ ಯಾವ ಊರಿನಿಂದ ಬಂದ ಎಂದು ಅವನ ಕಾಗದ ಹೇಳದಿದ್ದರೂ ಪಕ್ಕದ ಹೊಲದವನ ಉಯಿಲು ಹೇಳಬಹುದು. ಅಂದಹಾಗೆ, 1662ರ ಕಾನೂನಿನಂತೆ ವರ್ಜೀನಿಯಾದ ಚರ್ಚುಗಳು ಕೆಲವು ವರ್ಷಗಳಿಗೊಮ್ಮೆ ಜಮೀನಿನವರನ್ನು ಕೂಡಿಸಿ ಗಡಿಯುದ್ದಕ್ಕೆ ನಡೆಸುತ್ತಿದ್ದವು, ಗುರುತಿನ ಮರಗಳಿಗೆ ಹೊಸದಾಗಿ ಕಚ್ಚು ಹಾಕಿಸುತ್ತಿದ್ದವು. ಯಾರು ಯಾರ ಜೊತೆ ನಡೆದರು ಎಂಬ ಪಟ್ಟಿ ಅಳಿದುಳಿದ ಚರ್ಚ್ ಪುಸ್ತಕಗಳಲ್ಲಿದೆ. ಕೌಂಟಿಯ ಕಡತ ಸುಟ್ಟುಹೋದ ಕಡೆ ಇದೇ ಆಸರೆ. 1865ರ ಏಪ್ರಿಲ್‌ನಲ್ಲಿ ರಿಚ್ಮಂಡ್ ಹತ್ತಿ ಉರಿದಾಗ, ಜೋಪಾನವಾಗಿರಲೆಂದು ಅಲ್ಲಿಗೆ ಕಳಿಸಿದ್ದ ಹಲವು ಕೌಂಟಿಗಳ ದಾಖಲೆ ಬೂದಿಯಾಯಿತು. ಹಕ್ಕುಪತ್ರದ ಪುಸ್ತಕಗಳು ಉಳಿದವು.

ಪ್ರಶ್ನೆ: ಪತಿಯ ಪೂರ್ವಜರು ಪೆನ್ಸಿಲ್ವೇನಿಯಾಕ್ಕೆ ಬಂದ ಜರ್ಮನರು. ಒಂದೇ ಜಮೀನಿಗೆ 1738, 1741, 1774 ಎಂದು ಮೂರು ತಾರೀಖುಗಳಿವೆ. ಯಾವುದನ್ನು ನಂಬಲಿ?
– ಓದುಗರು, ಫಿಲಡೆಲ್ಫಿಯಾ

ಉತ್ತರ: ಮೂರನ್ನೂ ನಂಬಿ, ಒಂದೊಂದು ಒಂದೊಂದು ಹಂತದ್ದು. 1681ರಲ್ಲಿ ಈ ವಸಾಹತು ವಿಲಿಯಂ ಪೆನ್ನನಿಗೆ ಸಿಕ್ಕಿತು. ಹೆಡ್‌ರೈಟಿಗಿಂತ ಇಲ್ಲಿ ನಡೆದದ್ದು ಮಾರಾಟ. ಅರ್ಜಿ ಹಾಕಿದವನಿಗೆ ಅಳತೆ ಮಾಡಿಕೊಡಿ ಎಂಬ ವಾರಂಟ್, ಆಮೇಲೆ ಸರ್ವೆ, ಬಾಕಿ ಹಣವೆಲ್ಲ ಕಟ್ಟಿದ ಮೇಲೆ ಹಕ್ಕುಪತ್ರ. ನಿಮ್ಮ ಮೂರು ತಾರೀಖುಗಳು ಬಹುಶಃ ಇದೇ ಕ್ರಮದವು. ಕೊನೆಯ ಹಂತವನ್ನು ರೈತರು ಮುಂದೂಡುತ್ತಲೇ ಹೋಗುತ್ತಿದ್ದರು, ಮಗನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಬಿಟ್ಟವರಿದ್ದಾರೆ. 1774ರ ಕಾಗದದಲ್ಲಿ ಬೇರೆ ಹೆಸರಿದ್ದರೆ ಸಂತೋಷಪಡಿ. ಜಮೀನು ಮಧ್ಯೆ ಯಾರ ಯಾರ ಕೈ ದಾಟಿತು, ಯಾರು ಯಾರ ಮಗ ಎಂದು ಹಕ್ಕುಪತ್ರದಲ್ಲೇ ಹಲವು ಬಾರಿ ವಿವರಿಸಿರುತ್ತಾರೆ. ಹ್ಯಾರಿಸ್‌ಬರ್ಗಿನ ರಾಜ್ಯ ಪತ್ರಾಗಾರದಲ್ಲಿ ಈ ಎಲ್ಲ ಹಂತದ ಕಾಗದಗಳಿವೆ. ಎಕರೆ ಹೆಚ್ಚು ಕಂಡರೆ ಗಾಬರಿ ಬೇಡ, ರಸ್ತೆಗೆಂದು ನೂರಕ್ಕೆ ಆರು ಎಕರೆ ಸೇರಿಸಿ ಅಳೆಯುವ ರೂಢಿಯಿತ್ತು.

ಬಂದಿಳಿದ ದಿನಕ್ಕೆ ಜಮೀನಿನ ಕಾಗದ ಬಿಟ್ಟು ಆಚೆ ಹೋಗಬೇಕು. 1727ರಿಂದ ಫಿಲಡೆಲ್ಫಿಯಾದಲ್ಲಿಳಿದ ಜರ್ಮನ್ ಗಂಡಸರು ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಿದ ಪಟ್ಟಿಗಳಿವೆ, ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ ಅವನ್ನು 1934ರಲ್ಲಿ ಅಚ್ಚು ಹಾಕಿಸಿದರು. ಇನ್ನೊಂದು ದಾರಿಯೂ ಇದೆ. ಪರದೇಶಿಗೆ ಜಮೀನನ್ನು ಮಕ್ಕಳಿಗೆ ಬಿಟ್ಟುಹೋಗಲು ಕಾನೂನಿನ ಭದ್ರತೆ ಇರಲಿಲ್ಲ, ಹಾಗಾಗಿ ಜಮೀನು ಮಾಡಿದವರು ಪೌರತ್ವ ಬಯಸುತ್ತಿದ್ದರು. 1740ರ ಬ್ರಿಟಿಷ್ ಕಾನೂನಿನಂತೆ ಅದಕ್ಕೆ ಏಳು ವರ್ಷದ ವಾಸ ಬೇಕಿತ್ತು. ಆ ಕಾನೂನಿನಡಿ 1750ರಲ್ಲಿ ಪೌರತ್ವ ಸಿಕ್ಕಿದ್ದರೆ ಆತ 1743ರೊಳಗೆ ಬಂದಿದ್ದನೆಂದೇ ಲೆಕ್ಕ.

ಪ್ರಶ್ನೆ: 200 ಎಕರೆ ಕೇವಲ 5 ಷಿಲ್ಲಿಂಗಿಗೆ ಮಾರಿದ ಕಾಗದ ಸಿಕ್ಕಿದೆ. ತಾರೀಖು ‘ಫೆಬ್ರುವರಿ 10, 1739/40’. ದಾನವೇ? ಎರಡು ಇಸವಿ ಯಾಕೆ?
– ಓದುಗರು, ಬೆಂಗಳೂರು

ಉತ್ತರ: ಅದು ಜೋಡಿ ಕಾಗದದ ಅರ್ಧ. ಮೊದಲ ದಿನ 5 ಷಿಲ್ಲಿಂಗಿಗೆ ಒಂದು ವರ್ಷದ ಗೇಣಿ, ಮರುದಿನ ನಿಜವಾದ ಬೆಲೆಗೆ ಪೂರ್ಣ ಹಕ್ಕಿನ ಬಿಡುಗಡೆ, ಇದು ಅಂದಿನ ಕ್ರಯದ ವಿಧಾನ. ಪುಸ್ತಕದ ಮುಂದಿನ ಪುಟ ತಿರುಗಿಸಿ. ಇಂಗ್ಲಿಷರ ವರ್ಷ ಆಗ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಆ ಫೆಬ್ರುವರಿ ಅವರಿಗೆ 1739, ನಮ್ಮ ಲೆಕ್ಕಕ್ಕೆ 1740. 1752ರಲ್ಲಿ ಈ ಗೊಂದಲ ಮುಗಿಯಿತು.

ಪ್ರಶ್ನೆ: 1700ರ ಸುಮಾರಿಗೆ ವರ್ಜೀನಿಯಾದ ಒಂದೇ ಕೌಂಟಿಯಲ್ಲಿ ಒಂದೇ ಹೆಸರಿನ ಇಬ್ಬರು. ಒಬ್ಬನ ಮುಂದೆ ಹಿರಿಯ, ಇನ್ನೊಬ್ಬನ ಮುಂದೆ ಕಿರಿಯ ಎಂದಿದೆ. ತಂದೆ ಮಗ ಎಂದುಕೊಳ್ಳಲೆ?
– ಓದುಗರು, ಶಿವಮೊಗ್ಗ

ಉತ್ತರ: ಅಂದುಕೊಳ್ಳಬೇಡಿ. ಆ ಊರಲ್ಲಿ ವಯಸ್ಸಿನಿಂದ ಗುರುತಿಸಲು ಹಾಗೆ ಬರೆಯುತ್ತಿದ್ದರು. ಇಬ್ಬರೂ ಸಂಬಂಧಿಗಳೇ ಅಲ್ಲದಿರಬಹುದು. ಹಿರಿಯ ಸತ್ತರೆ ಕಿರಿಯನೇ ಹಿರಿಯನಾಗುತ್ತಾನೆ.

ಮನುಷ್ಯನನ್ನು ಬಿಟ್ಟು ಜಮೀನನ್ನು ಹಿಂಬಾಲಿಸಿ. ಪ್ರತಿ ತುಂಡಿಗೂ ಬೇರೆ ಹಾಳೆ ಮಾಡಿ, ಎಷ್ಟು ಎಕರೆ, ಯಾವ ಹಳ್ಳದ ಮೇಲೆ, ಯಾರಿಂದ ಬಂತು, ಯಾರಿಗೆ ಹೋಯಿತು ಎಂದು ಬರೆಯಿರಿ. ಮಾರುವಾಗ ಹೆಂಡತಿ ನ್ಯಾಯಾಲಯಕ್ಕೆ ಬಂದು ಆ ಜಮೀನಿನಲ್ಲಿ ಜೀವನಾಂಶವಾಗಿ ತನಗಿದ್ದ ಮೂರನೇ ಒಂದು ಪಾಲಿನ ಹಕ್ಕನ್ನು ಬಿಟ್ಟುಕೊಡುತ್ತಿದ್ದಳು. ಹೆಂಗಸರ ಹೆಸರು ಉಳಿದಿರುವ ಕೆಲವೇ ಜಾಗಗಳಲ್ಲಿ ಇದೊಂದು, ಅದನ್ನು ತಪ್ಪದೆ ಗುರುತು ಹಾಕಿಕೊಳ್ಳಿ. ಮಾರ್ಥಾಳ ಗಂಡ ಒಬ್ಬ, ಎಲಿಜಬೆತ್ತಳ ಗಂಡ ಇನ್ನೊಬ್ಬ ಎಂದು ಅಲ್ಲಿಗೆ ಎಷ್ಟೋ ಗಂಟು ಬಿಚ್ಚುತ್ತದೆ, ಮರುಮದುವೆಯ ಸಾಧ್ಯತೆಯೊಂದನ್ನು ನೆನಪಿಡಬೇಕು. ಕೊಂಡ ಕಾಗದವಾಗಲಿ ಮಂಜೂರಾತಿಯಾಗಲಿ ಇಲ್ಲದೆ ಮಾರಿದ ಕಾಗದ ಮಾತ್ರ ಸಿಕ್ಕರೆ ಅದು ಪಿತ್ರಾರ್ಜಿತವಿರಬಹುದು. ಉಯಿಲಿಲ್ಲದೆ ಸತ್ತವನ ಜಮೀನೆಲ್ಲ ಹಿರಿಯ ಮಗನಿಗೇ ಹೋಗುತ್ತಿತ್ತು, ಆ ಕಾನೂನನ್ನು ವರ್ಜೀನಿಯಾ 1785ರಲ್ಲಿ ಬದಲಿಸಿತು. ಅದೇ ಹಳ್ಳದ ಮೇಲೆ ಅಷ್ಟೇ ಎಕರೆಯ ಹಳೆಯ ಹಕ್ಕುಪತ್ರ ಯಾರದಿದೆ ಎಂದು ನೋಡಿದರೆ ತಂದೆಯೋ ತಾತನೋ ಸಿಗುತ್ತಾನೆ.

ಕೊನೆಗೆ 1704ರ ಕಂದಾಯದ ಪಟ್ಟಿಗೆ ಹೋಲಿಸಿ. ನಾರ್ದರ್ನ್ ನೆಕ್ ಬಿಟ್ಟು ಉಳಿದ ಕೌಂಟಿಗಳ ಜಮೀನುದಾರರೂ ಅವರ ಎಕರೆಗಳೂ ಅದರಲ್ಲಿವೆ. ನಿಮ್ಮ ಹಾಳೆಗಳ ಪ್ರಕಾರ ಆ ವರ್ಷ ಇಬ್ಬರ ಕೈಲೂ ಜಮೀನಿದ್ದು, ಪಟ್ಟಿಯಲ್ಲಿ ಒಂದೇ ಹೆಸರಿದ್ದರೆ ಎಕರೆಯ ಲೆಕ್ಕ ಯಾರಿಗೆ ಹೊಂದುತ್ತದೆಂದು ನೋಡಿ, ಇನ್ನೊಬ್ಬನನ್ನು ಪಕ್ಕದ ಕೌಂಟಿಯ ಪಟ್ಟಿಯಲ್ಲಿ ಹುಡುಕಿ.