ಜಲವರ್ಣ ಚಿತ್ರಣ: ಸಾಮಗ್ರಿಗಳ ಆಯ್ಕೆ ಹೇಗೆ?

ಮಹಾನಗರದ ಧಾವಂತದ ಬದುಕಿನಲ್ಲಿ ಮನಸ್ಸಿಗೆ ವಿಶ್ರಾಂತಿ ನೀಡುವ ಹವ್ಯಾಸಗಳಲ್ಲಿ ಜಲವರ್ಣ ಚಿತ್ರಣವೂ ಒಂದು. ಇದಕ್ಕೆ ಟರ್ಪೆಂಟೈನಿನ ವಾಸನೆಯಿಲ್ಲ, ಪ್ರತ್ಯೇಕ ಕೋಣೆಯೂ ಬೇಕಿಲ್ಲ. ಊಟದ ಮೇಜಿನ ಒಂದು ಮೂಲೆ ಸಾಕು. ಆದ್ದರಿಂದಲೇ ನಮ್ಮವರಲ್ಲಿ ಅನೇಕರು ಮಕ್ಕಳಿಗೋ ನಿವೃತ್ತರಾದ ತಂದೆಯವರಿಗೋ 24 ಬಣ್ಣಗಳ ಪೆಟ್ಟಿಗೆಯೊಂದನ್ನು ತಂದುಕೊಡುತ್ತಾರೆ. ಕಾಗದ ಮಾತ್ರ ಮನೆಯಲ್ಲಿದ್ದ ಡ್ರಾಯಿಂಗ್ ಪುಸ್ತಕದ್ದೇ. ನೀರು ತಾಕಿದೊಡನೆ ಹಾಳೆ ಉಬ್ಬುತ್ತದೆ. ಬಣ್ಣ ತಗ್ಗುಗಳಲ್ಲಿ ನಿಂತು ಕೆಸರಾಗುತ್ತದೆ. "ಚಿತ್ರಕಲೆ ನನ್ನ ಕೈಗೆ ಒಗ್ಗದು" ಎಂದು ಅವರು ಕುಂಚವನ್ನು ಕೆಳಗಿಟ್ಟುಬಿಡುತ್ತಾರೆ. ಇಲ್ಲಿ ಕೆಟ್ಟದ್ದು ಕಾಗದವೆಂದು ಅವರಿಗೆ ತಿಳಿಸುವವರಿಲ್ಲ.

ಬ್ಯಾಂಕಿನ ಲೆಕ್ಕಪತ್ರಗಳೊಡನೆ ಬಾಳುವ ನಾನು ಇದನ್ನು ಬಂಡವಾಳದ ಹಂಚಿಕೆಯ ಪ್ರಶ್ನೆಯೆಂದೇ ನೋಡುತ್ತೇನೆ. ನಿಮ್ಮಲ್ಲಿರುವ ಹಣ 100 ಪಾಲು ಎಂದಿಟ್ಟುಕೊಳ್ಳಿ. ಅದರಲ್ಲಿ 50 ಪಾಲು ಕಾಗದಕ್ಕೆ, 30 ಬಣ್ಣಕ್ಕೆ, 20 ಕುಂಚಕ್ಕೆ ಮೀಸಲಿರಲಿ.

ಕಾಗದ

ಜಲವರ್ಣವು ಪಾರದರ್ಶಕ. ಬೆಳಕು ಬಣ್ಣದ ಪದರವನ್ನು ಹಾದು, ಕಾಗದದ ಬಿಳುಪನ್ನು ಮುಟ್ಟಿ, ಮರಳಿ ನಮ್ಮ ಕಣ್ಣಿಗೆ ಬರುತ್ತದೆ. ಚಿತ್ರದ ಕಾಂತಿಯೆಲ್ಲ ಕಾಗದದಿಂದಲೇ ಹುಟ್ಟುವುದು. ಮೈಸೂರಿನ ಆಸ್ಥಾನ ಕಲಾವಿದರಾಗಿದ್ದ ಕೆ. ವೆಂಕಟಪ್ಪನವರ (1886–1965) ಊಟಿಯ ನಿಸರ್ಗಚಿತ್ರಗಳನ್ನು ಕಂಡವರಿಗೆ ಈ ಕಾಂತಿಯ ಪರಿಚಯವಿರುತ್ತದೆ.

ಕಾಗದದ ದಪ್ಪವನ್ನು ಅದರ ತೂಕದಿಂದ ಗುರುತಿಸುತ್ತಾರೆ. '300 ಜಿಎಸ್‌ಎಂ' ಎಂದರೆ ಒಂದು ಚದರ ಮೀಟರ್ ಹಾಳೆ 300 ಗ್ರಾಂ ತೂಗುತ್ತದೆ ಎಂದರ್ಥ. ಇಂಥ ಹಾಳೆ ನೀರಿಗೆ ಹೆಚ್ಚು ಉಬ್ಬುವುದಿಲ್ಲ. ಹತ್ತಿಯ ನಾರಿನದು ಅತ್ಯುತ್ತಮ. ಮರದ ತಿರುಳಿನ ಅಗ್ಗದ ಕಾಗದ ಆಮ್ಲದ ದೆಸೆಯಿಂದ ಕಾಲಕ್ರಮದಲ್ಲಿ ಹಳದಿಗಟ್ಟುತ್ತದೆ. ನುಣುಪಾದ 'ಹಾಟ್ ಪ್ರೆಸ್', ಸಾಧಾರಣ ತರಿಯ 'ಕೋಲ್ಡ್ ಪ್ರೆಸ್', ಹೆಚ್ಚು ತರಿಯಾದ 'ರಫ್' ಎಂಬ ಮೂರು ಬಗೆಗಳಲ್ಲಿ ಆರಂಭಿಸುವವರಿಗೆ ಎರಡನೆಯದೇ ಸೂಕ್ತ. ಬೆಲೆ ಕೇಳಿ ಹಿಂಜರಿಯಬೇಕಾಗಿಲ್ಲ. 22 × 30 ಅಂಗುಲದ ಪೂರ್ಣ ಹಾಳೆಯನ್ನು ಕತ್ತರಿಸಿದರೆ 11 × 7½ ಅಂಗುಲದ 8 ತುಂಡುಗಳು ದೊರೆಯುತ್ತವೆ. ಎರಡೂ ಬದಿಗಳನ್ನು ಬಳಸಿದರೆ 16 ಅಭ್ಯಾಸಗಳಾದವು.

ಮುಂಬಯಿ, ಚೆನ್ನೈಗಳಂಥ ಕಡಲತೀರದ ನಗರಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ನೀರು ಕೂಡಲೇ ಇಂಗದಿರಲೆಂದು ಕಾಗದಕ್ಕೆ ಅಂಟನ್ನು ಸೇರಿಸಿರುತ್ತಾರೆ. ಮಳೆಗಾಲದ ತೇವದಲ್ಲಿ ಈ ಅಂಟು ಕೆಟ್ಟರೆ ಬಣ್ಣ ಮಚ್ಚೆಮಚ್ಚೆಯಾಗಿ ಇಂಗುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿಡಬೇಕು.

ಬಣ್ಣ

ವರ್ಣದ್ರವ್ಯದ ನುಣ್ಣನೆಯ ಪುಡಿಯನ್ನು ಜಾಲಿಯ ಜಾತಿಯ ಮರದ ಗೋಂದಿನಲ್ಲಿ ಅರೆದು ಜಲವರ್ಣವನ್ನು ತಯಾರಿಸುತ್ತಾರೆ. ಬಿಡಿಯಾಗಿ ಕೊಂಡ 5 ಒಳ್ಳೆಯ ಬಣ್ಣಗಳು 24 ಅಗ್ಗದ ಬಣ್ಣಗಳಿಗಿಂತ ಮೇಲು. ಟ್ಯೂಬಿನ ಮೇಲಿನ ಹೆಸರಿಗಿಂತ ಸಣ್ಣ ಅಕ್ಷರದ ಸಂಕೇತವನ್ನು ನೋಡಿರಿ: ಹಳದಿಗೆ ಪಿವೈ 154, ಗುಲಾಬಿಗೆಂಪಿಗೆ ಪಿವಿ 19, ಅಲ್ಟ್ರಾಮರೀನ್ ನೀಲಿಗೆ ಪಿಬಿ 29, ಥ್ಯಾಲೊ ನೀಲಿಗೆ ಪಿಬಿ 15, ಬರ್ನ್ಟ್ ಸಿಯೆನ್ನಾ ಕಂದಿಗೆ ಪಿಬಿಆರ್ 7. ಹಳದಿ, ನೀಲಿ ಕೂಡಿದರೆ ಗದ್ದೆಯ ಹಸಿರು. ಸಿಯೆನ್ನಾ, ಅಲ್ಟ್ರಾಮರೀನ್ ಕೂಡಿದರೆ ಮಳೆಮೋಡದ ಬೂದು. ಸಿಯೆನ್ನಾ ಒಂದರಿಂದಲೇ ಮಂಗಳೂರು ಹಂಚಿನ ಮಾಡು ಮೂಡುತ್ತದೆ.

ಕೆಲವು ಬಣ್ಣಗಳು ಬೆಳಕಿಗೆ ಮಾಸುತ್ತವೆ. ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಆಬ್ನಿ ಎಂಬವರು 1888ರಲ್ಲಿ ಸಲ್ಲಿಸಿದ ವರದಿ ಇದನ್ನು ಪ್ರಯೋಗಗಳಿಂದ ತೋರಿಸಿತು. ತೇವದ ಗಾಳಿಯೂ ಇದಕ್ಕೆ ನೆರವಾಗುತ್ತದೆಂದು ತಿಳಿಸಿತು. ಅಲಿಜರಿನ್ ಕ್ರಿಮ್ಸನ್ (ಪಿಆರ್ 83) ಅಂಥ ದುರ್ಬಲ ಬಣ್ಣ. ಊರಿನಲ್ಲಿ ಮಾರಿಹೋದ ಹಿರಿಯರ ಮನೆಯನ್ನು ನೆನಪಿನಿಂದ ಬಿಡಿಸಿ ಗೋಡೆಗೆ ತೂಗುಹಾಕಿದವರಿಗೆ ಅಂಗಳದ ದಾಸವಾಳ ಕೆಲವೇ ವರ್ಷಗಳಲ್ಲಿ ಬಿಳಿಚಿಹೋದರೆ ಆಗುವ ನಷ್ಟ ಸಣ್ಣದಲ್ಲ. ಸಂದೇಹವಿದ್ದಲ್ಲಿ ಬಣ್ಣದ ಪಟ್ಟಿಯೊಂದನ್ನು ಬಳಿದು, ಅರ್ಧಭಾಗವನ್ನು ರಟ್ಟಿನಿಂದ ಮುಚ್ಚಿ, ಕಿಟಕಿಯ ಬಳಿ 3 ತಿಂಗಳಿಟ್ಟು ಹೋಲಿಸಿರಿ. ಮುಗಿದ ಚಿತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ನೇರ ಬಿಸಿಲು ಬೀಳದ ಗೋಡೆಗೆ ತೂಗಿರಿ.

ಕುಂಚ

10ನೆಯ ಸಂಖ್ಯೆಯ ದುಂಡು ಕುಂಚ, 4ನೆಯ ಸಂಖ್ಯೆಯದು, ಒಂದು ಅಂಗುಲ ಅಗಲದ ಚಪ್ಪಟೆ ಕುಂಚ, ಈ ಮೂರು ಸಾಕು. ದುಂಡು ಕುಂಚವನ್ನು ನೀರಿನಲ್ಲದ್ದಿ ಕೊಡವಿದಾಗ ಅದು ತಾನಾಗಿಯೇ ಚೂಪಾಗಬೇಕು. ಮುಂಗುಸಿಯ ಕೂದಲಿನ ಕುಂಚವನ್ನು ಕೊಳ್ಳಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದರ ವ್ಯಾಪಾರ ಅಪರಾಧ. ಕೃತಕ ಎಳೆಯ ಕುಂಚಗಳು ಈಗ ಉತ್ತಮವಾಗಿಯೇ ದೊರೆಯುತ್ತವೆ.

ಆರೋಗ್ಯದ ದೃಷ್ಟಿಯಿಂದ

ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡುವ ಅಭ್ಯಾಸ ಅಪಾಯಕರ. ಕ್ಯಾಡ್ಮಿಯಂ, ಕೋಬಾಲ್ಟ್ ಹೆಸರಿನ ಬಣ್ಣಗಳಲ್ಲಿ ಆ ಲೋಹಗಳೇ ಇರಬಹುದು. ಇವನ್ನು ಮಕ್ಕಳ ಕೈಗೆ ಕೊಡಬಾರದು. ಕುಂಚ ತೊಳೆಯುವ ಲೋಟ ಅಡುಗೆಮನೆಗೆ ಮರಳಬಾರದು. ಉಣ್ಣುವ ಮುನ್ನ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

ಈ ವರ್ಷ ಮನೆಯವರಿಗೆ ಬಣ್ಣದ ಪೆಟ್ಟಿಗೆಯನ್ನು ಕೊಡಬೇಕೆಂದಿರುವ ಸದಸ್ಯರು ಮೊದಲು ಕಾಗದದ ವಿಭಾಗಕ್ಕೆ ಹೋಗಲಿ ಎಂಬುದೇ ನನ್ನ ವಿನಂತಿ.