ಎದೆಯ ಮುಖ್ಯ ಕಾಲುವೆ ಸೀಳಿದಾಗ ರಕ್ತಪರೀಕ್ಷೆ ಹೇಳುವುದೇನು?

ಹೃದಯದಿಂದ ಹೊರಟು, ಎದೆಯಲ್ಲಿ ಬಾಗಿ, ಬೆನ್ನೆಲುಬಿನ ಮುಂದೆ ಹೊಟ್ಟೆಯವರೆಗೆ ಇಳಿಯುವ ದೊಡ್ಡ ರಕ್ತನಾಳಕ್ಕೆ ಮಹಾಪಧಮನಿ ಎಂದು ಹೆಸರು. ಕೆರೆಯ ತೂಬಿನಿಂದ ಹೊರಡುವ ಮುಖ್ಯ ಕಾಲುವೆಯಂತೆ ಇದು. ಮಿದುಳು, ಕೈಕಾಲು, ಮೂತ್ರಪಿಂಡಗಳಿಗೆ ರಕ್ತ ಹೋಗುವುದು ಇದರ ಕವಲುಗಳಿಂದಲೇ.

ಇದರ ಗೋಡೆಗೆ ೩ ಪದರಗಳುಂಟು. ಬಹುಕಾಲ ರಕ್ತದ ಒತ್ತಡ ಹೆಚ್ಚಾಗಿದ್ದರೆ, ಅಥವಾ ಹುಟ್ಟಿನಿಂದಲೇ ಗೋಡೆ ದುರ್ಬಲವಾಗಿದ್ದರೆ, ಒಳಪದರವು ಒಮ್ಮೆಲೇ ಸೀಳುವುದುಂಟು. ಕಾಲುವೆಯ ಕಲ್ಲುಕಟ್ಟಡದ ಬಿರುಕಿನಲ್ಲಿ ನೀರು ನುಗ್ಗಿ, ಕಲ್ಲಿಗೂ ಮಣ್ಣಿಗೂ ನಡುವೆ ಹರಿದು ಏರಿಯನ್ನು ಸಡಿಲಿಸುವಂತೆ, ರಕ್ತವು ಪದರಗಳ ನಡುವೆ ನುಗ್ಗಿ ಗೋಡೆಯನ್ನು ಉದ್ದಕ್ಕೂ ಬಿಡಿಸುತ್ತದೆ. ಕವಲುಗಳ ಬಾಯಿ ಮುಚ್ಚಬಹುದು, ಹೊರಗೋಡೆಯೇ ಒಡೆಯಬಹುದು. ಹೃದಯಕ್ಕೆ ಸಮೀಪದ ಭಾಗ ಸೀಳಿದರೆ ಒಡನೆ ಶಸ್ತ್ರಚಿಕಿತ್ಸೆ ಆಗಬೇಕು. ಮೊದಲ ೨ ದಿನಗಳಲ್ಲಿ ಪ್ರತಿ ಗಂಟೆಯೂ ಪ್ರಾಣದ ಪ್ರಶ್ನೆ.

ರಕ್ತದಲ್ಲಿ ಕಾಣುವ ಗುರುತುಗಳು

ಗಾಯಗೊಂಡ ಗೋಡೆಯಲ್ಲಿ ಉರಿಯೂತ ಉಂಟಾಗುತ್ತದೆ. ಅದರ ಗುರುತು ರಕ್ತದಲ್ಲಿ ಕಾಣುತ್ತದೆ. ೧೯೩೦ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಸ್ತುವನ್ನು ಕಂಡುಹಿಡಿದರು. ಅದೇ ಇಂದಿನ ಸಿಆರ್‌ಪಿ. ದೇಹದಲ್ಲಿ ಎಲ್ಲೇ ಉರಿಯೂತವಿರಲಿ, ಯಕೃತ್ತು ಇದನ್ನು ಹೆಚ್ಚಾಗಿ ತಯಾರಿಸುತ್ತದೆ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೊಫಿಲ್ ಏರಿ ಲಿಂಫೊಸೈಟ್ ಇಳಿಯುವುದು ಇನ್ನೊಂದು ಗುರುತು. ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಡಿ-ಡೈಮರ್ ಎಂಬ ಚೂರನ್ನೂ ಇವುಗಳ ಜೊತೆಗೆ ನೋಡುತ್ತಾರೆ.

ಆಸ್ಪತ್ರೆಗೆ ಸೇರಿದಾಗ ಈ ಗುರುತುಗಳು ಬಹಳ ಏರಿದ್ದ ರೋಗಿಗಳಲ್ಲಿ ಸಾವೂ ತೊಡಕುಗಳೂ ಹೆಚ್ಚೆಂದು ಹಲವು ದೇಶಗಳ ವೈದ್ಯರು ವರದಿ ಮಾಡಿದ್ದಾರೆ. ಆದುದರಿಂದ ಯಾರ ಮೇಲೆ ಹೆಚ್ಚು ನಿಗಾ ಇಡಬೇಕೆಂಬುದನ್ನು ತಿಳಿಯಲು ಇವು ನೆರವಾಗುತ್ತವೆ. ಒಂದೇ ಸಲದ ಅಂಕಿಗಿಂತ, ದಿನ ಕಳೆದಂತೆ ಅದು ಇಳಿಯುತ್ತಿದೆಯೇ ಇಲ್ಲವೇ ಎಂಬುದು ಮುಖ್ಯ.

ಪರೀಕ್ಷೆಯ ಮಿತಿ

ಪೈರಿನ ಎಲೆ ಹಳದಿಯಾದರೆ ಗಿಡಕ್ಕೆ ತೊಂದರೆಯೆಂದು ತಿಳಿಯುತ್ತದೆ. ಸಾರಜನಕದ ಕೊರತೆಯೋ, ನೀರು ನಿಂತದ್ದೋ, ಬೇರಿನ ಹುಳುವೋ ಎಂದು ತಿಳಿಯುವುದಿಲ್ಲ. ಸಿಆರ್‌ಪಿ ಕೂಡ ಹಾಗೆಯೇ. ಜ್ವರ, ಕೀವುಗಾಯ, ಕೀಲುಬೇನೆಗಳಲ್ಲಿಯೂ ಅದು ಏರುತ್ತದೆ.

ಎರಡನೆಯ ಮಿತಿ ಇನ್ನೂ ದೊಡ್ಡದು. ಸಿಆರ್‌ಪಿ ಏರತೊಡಗಲು ಸುಮಾರು ೬ ಗಂಟೆ ಬೇಕು. ತುದಿ ಮುಟ್ಟಲು ಸುಮಾರು ೨ ದಿನ. ಬೆಳಿಗ್ಗೆ ನಾಳ ಸೀಳಿದವನ ರಕ್ತವನ್ನು ಒಂದು ಗಂಟೆಯೊಳಗೆ ಪರೀಕ್ಷಿಸಿದರೆ ಅಂಕಿ ಸರಿಯಾಗಿಯೇ ಇರಬಹುದು. "ರಕ್ತ ಚೆನ್ನಾಗಿದೆ" ಎಂದು ಮನೆಗೆ ಕರೆತಂದರೆ ಕೆಟ್ಟಿತು. ಡಿ-ಡೈಮರ್ ಬೇಗ ಏರುತ್ತದೆ. ಅದು ಮಿಲಿಲೀಟರಿಗೆ ೫೦೦ ನ್ಯಾನೊಗ್ರಾಂಗಿಂತ ಕಡಿಮೆಯಿದ್ದು, ವೈದ್ಯರಿಗೂ ಸಂಶಯ ಕಡಿಮೆಯಿದ್ದರೆ, ಈ ರೋಗವಲ್ಲವೆಂದು ಬಹುಮಟ್ಟಿಗೆ ಹೇಳಬಹುದು. ಸಂಶಯ ಬಲವಾಗಿದ್ದರೆ ಅಂಕಿಯನ್ನು ನಂಬಿ ಕೂರುವಂತಿಲ್ಲ, ಸಿ.ಟಿ. ಸ್ಕ್ಯಾನ್ ಆಗಲೇಬೇಕು.

ನಾವು ಮಾಡಬೇಕಾದುದು

೧. ಎದೆಯಲ್ಲಾಗಲಿ ಬೆನ್ನಿನಲ್ಲಾಗಲಿ ಸೀಳಿದಂತಹ ನೋವು ಒಮ್ಮೆಲೇ ಬಂದರೆ ವಾಯುವೆಂದು ಎಣಿಸಿ ಓಮಿನ ಕಷಾಯ ಕೊಡುತ್ತ, ಎದೆ ನೀವುತ್ತ ಕೂರಬಾರದು.

೨. ನೋವಿನೊಡನೆ ಮೂರ್ಛೆ, ಮಾತು ತೊದಲುವುದು, ಒಂದು ಕಾಲಿನ ಶಕ್ತಿ ಕುಂದುವುದು, ಒಂದು ಕೈಯ ನಾಡಿ ಕ್ಷೀಣಿಸುವುದು ಕಂಡರೆ ಅಪಾಯ ಹೆಚ್ಚು.

೩. ಒಡನೆ ೧೦೮ಕ್ಕೆ ಕರೆ ಮಾಡಿ. ಪ್ರಯೋಗಾಲಯದ ವರದಿ ಬರಲೆಂದು ಸಂಜೆಯವರೆಗೆ ಕಾಯಬೇಡಿ.

೪. ವೈದ್ಯರು ಹೇಳದೆ ಯಾವ ಮಾತ್ರೆಯನ್ನೂ ನುಂಗಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ಹೃದಯಾಘಾತದಲ್ಲಿ ಉಪಕಾರಿ, ಇಲ್ಲಿ ಅಪಕಾರಿಯಾಗಬಹುದು.

೫. ರಕ್ತದೊತ್ತಡವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಳತೆ ಮಾಡಿಸಿಕೊಳ್ಳಿರಿ. ಹೆಚ್ಚಿದ್ದರೆ ಮಾತ್ರೆಯನ್ನು ನಡುವೆ ಬಿಡಬೇಡಿ. ಬೀಡಿ, ಸಿಗರೇಟು ಬಿಡಿ.

ಏರಿ ಒಡೆದ ಮೇಲೆ ನೀರಿನ ಮಟ್ಟ ಅಳೆಯುವುದಕ್ಕಿಂತ, ಮಳೆಗಾಲಕ್ಕೆ ಮೊದಲೇ ಏರಿಯನ್ನು ನೋಡಿಕೊಳ್ಳುವುದು ಜಾಣತನ. ರಕ್ತದೊತ್ತಡದ ವಿಷಯದಲ್ಲಿಯೂ ಇದೇ ನಿಯಮ.